ಕುಚ್ಚು ಡಾಟ್ ಎಚ್‌ಟಿಎಂಎಲ್

ವೆಬ್ ಪುಟ ಬರೆಯುವುದಕ್ಕೆ ಇಂಥದ್ದೇ ಬೇಕು ಅಂತ ಏನೂ ಇಲ್ಲ. ತೊಂದರೆಯೆಲ್ಲ ಇರುವುದು ಅಲ್ಲೇ. ಇಡ್ಲಿ ಮಾಡಬೇಕಾದರೆ ಇಡ್ಲಿ ತಟ್ಟೆ ಬೇಕು. ಅದರ ಬಗ್ಗೆ ಯಾವ ಮನೆಯಲ್ಲೂ ಜಗಳ ನಡೆದದ್ದು ನಾನು ಕೇಳಿಲ್ಲ. ಎಚ್‌ಟಿಎಂಎಲ್ ಹಾಗಲ್ಲ. ಅದು ಬರೀ ಅಕ್ಷರ. ಆ ಕಡೆ ಒಂದು ಮೂತಿಚೂಪು ಕಂಸ, ಈ ಕಡೆ ಒಂದು, ನಡುವೆ ನಾಲ್ಕಕ್ಷರ. ಅಕ್ಷರ ಮೂಡಿಸುವ ಯಾವ ತಂತ್ರಾಂಶದಲ್ಲಾದರೂ ಬರೆದು ಉಳಿಸಿಕೊಳ್ಳಬಹುದು. ಯಾವುದಾದರೂ ಆದೀತು ಅಂತ ಗೊತ್ತಾದ ಕೂಡಲೇ ಗೃಹಸ್ಥನಾದವನು ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಅಂತ ಹೊರಡುತ್ತಾನೆ. ನೀವೂ ಹೊರಟವರೇ, ನನಗೆ ಗೊತ್ತು. ಎಡಿಟರಿಗಲ್ಲದಿದ್ದರೆ ಮಿಕ್ಸಿಗೆ, ಮಿಕ್ಸಿಗಲ್ಲದಿದ್ದರೆ ಮಗನ ಟ್ಯೂಷನ್ನಿಗೆ.

ವೆಬ್ಬಿನ ಮೂಲಪುರುಷ ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕೂತು ಮೊದಲ ಬ್ರೌಸರ್ ಬರೆದಾಗ, ಪುಟ ನೋಡುವುದೂ ಅದನ್ನು ತಿದ್ದುವುದೂ ಒಂದೇ ಕಿಟಕಿಯಲ್ಲಿ ಆಗುತ್ತಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರುಗಳು ನೋಡುವುದನ್ನಷ್ಟೇ ಇಟ್ಟುಕೊಂಡು ತಿದ್ದುವುದನ್ನು ಕೈಬಿಟ್ಟವು. ಹಾಗೆ ಕೈಬಿಟ್ಟದ್ದರಿಂದಲೇ ನಮ್ಮ ಮನೆಯಲ್ಲಿ ಇಷ್ಟೆಲ್ಲ ಆದದ್ದು ಎಂಬುದು ನನ್ನ ವಾದ. ನನ್ನ ಹೆಂಡತಿಯ ವಾದ ಬೇರೆ ಇದೆ.

ಅವಳು ಸೀರೆ ಸೆರಗಿಗೆ ಕುಚ್ಚು ಹಾಕುತ್ತಾಳೆ. ಮದುವೆ ಸೀಸನ್ನಿನಲ್ಲಿ ನಮ್ಮ ಹಾಲಿನ ಸೋಫಾ ಮೇಲೆ ಸೀರೆಗಳು ಕೂರುತ್ತವೆ, ಮನುಷ್ಯರು ನಿಂತಿರುತ್ತೇವೆ. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶೆ ಕುಚ್ಚು ಅಂತ ಡಿಸೈನಿಗೊಂದು ರೇಟು. ಗಿರಾಕಿಗಳು ಫೋನಿನಲ್ಲಿ "ಅಕ್ಕಾ, ಡಿಸೈನ್ ಫೋಟೊ ಹಾಕಿ" ಅನ್ನುತ್ತಾರೆ. ಇವಳು ರಾಶಿ ಫೋಟೊ ಹಾಕುತ್ತಾಳೆ. "ರೇಟು?" ಅನ್ನುತ್ತಾರೆ. ಒಂದೊಂದಕ್ಕೂ ರೇಟು ಹೇಳುತ್ತಾಳೆ. ಎಲ್ಲ ಆದ ಮೇಲೆ "ನಮ್ಮ ಅತ್ತೇನ ಕೇಳಿ ಹೇಳ್ತೀನಿ ಅಕ್ಕಾ" ಅಂತ ಮಾಯವಾಗುತ್ತಾರೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗಳು, "ಅಮ್ಮಾ, ಫೋಟೊ, ರೇಟು ಎಲ್ಲ ಸೇರಿಸಿ ಒಂದು ವೆಬ್ ಪುಟ ಮಾಡಿಟ್ಟುಬಿಟ್ರೆ ಲಿಂಕ್ ಕಳಿಸಿದ್ರೆ ಸಾಕು" ಅಂದಳು. ಅವಳು ಇಂಜಿನಿಯರಿಂಗ್ ಓದುತ್ತಿರುವವಳು. ಸುಮ್ಮನೆ ಬಿಟ್ಟಿದ್ದರೆ ಅವಳೇ ಸಂಜೆಯೊಳಗೆ ಬರೆದುಕೊಡುತ್ತಿದ್ದಳು. ಆದರೆ ಅವಳು ಬಾಯಲ್ಲಿದ್ದ ತುತ್ತು ನುಂಗುವಷ್ಟರಲ್ಲಿ ನಾನು ಸಾರು ಬಡಿಸಿಕೊಳ್ಳುತ್ತಾ ಘೋಷಿಸಿಬಿಟ್ಟೆ: "ನಾನೇ ಬರೀತೀನಿ."

ಯಾಕೆಂದರೆ ನನ್ನ ಹತ್ತಿರ ಸರ್ಟಿಫಿಕೇಟ್ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ಖಾಲಿ ಮಹಡಿ ಕಂಡಲ್ಲೆಲ್ಲ ಕಂಪ್ಯೂಟರ್ ಕ್ಲಾಸಿನ ಬೋರ್ಡು ಏಳುತ್ತಿದ್ದ ಕಾಲದಲ್ಲಿ ಸಂಪಾದಿಸಿದ್ದು. ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿದೆ. ಆಗ ನಾನು ಬರೆದ ಪುಟದಲ್ಲಿ ನನ್ನ ಹೆಸರು ಬಲದಿಂದ ಎಡಕ್ಕೆ ಓಡುತ್ತಿತ್ತು. ಅದನ್ನು ಮಾರ್ಕ್ವೀ ಅನ್ನುತ್ತಿದ್ದರು. ಈಗ ಆ ಟ್ಯಾಗು ಬಳಕೆಗೆ ಯೋಗ್ಯವಲ್ಲ ಅಂತ ಪಟ್ಟಿಯಿಂದ ತೆಗೆದಿದ್ದಾರೆ. ತೆಗೆದುಕೊಳ್ಳಲಿ, ಓಡಿದ ಹೆಸರು ಓಡಿದ್ದೇ.

ಕ್ಲಾಸಿನಲ್ಲಿ ಕಲಿಸಿದ್ದು ನೋಟ್‌ಪ್ಯಾಡಿನಲ್ಲಿ. ಶುರುವೂ ಅದರಲ್ಲೇ ಆಯಿತು. ನೋಟ್‌ಪ್ಯಾಡಿನ ಸ್ವಭಾವ ನನಗೆ ಇಷ್ಟ. ಅದು ಏನೂ ಹೇಳುವುದಿಲ್ಲ, ಕೇಳುವುದೂ ಅಪರೂಪ. ಬೆಳಗಿನ ಎರಡನೇ ಕಾಫಿಯೊಂದಿಗೆ ಕೂತವನು ಊಟದ ಹೊತ್ತಿಗೆ ತಲೆ, ಮೈ, ರೇಟಿನ ಪಟ್ಟಿ ಎಲ್ಲ ಬರೆದು, ಕುಚ್ಚು ಡಾಟ್ ಎಚ್‌ಟಿಎಂಎಲ್ ಅಂತ ನಾಮಕರಣ ಮಾಡಿ ಹೆಂಡತಿಯನ್ನು ಕರೆದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಫೈಲಿನ ಮೇಲೆ ಗತ್ತಿನಿಂದ ಎರಡು ಸಲ ಒತ್ತಿದೆ. ನೋಟ್‌ಪ್ಯಾಡ್ ತೆರೆದುಕೊಂಡಿತು. ಮತ್ತೆ ಒತ್ತಿದೆ. ಇನ್ನೊಂದು ನೋಟ್‌ಪ್ಯಾಡ್.

"ಇದೇನಾ ಪುಟ?"

"ಇದು ಒಳಗಿಂದು."

"ಹೊರಗಿಂದು?"

ಹೊರಗಿನದು ಯಾಕೆ ಬರಲಿಲ್ಲ ಅನ್ನುವುದು ಮಗಳು ಕಾಲೇಜಿನಿಂದ ಬಂದ ಮೇಲೆ ಗೊತ್ತಾಯಿತು. ಉಳಿಸುವಾಗ ಕೆಳಗಿನ ಪಟ್ಟಿಯಲ್ಲಿ 'ಟೆಕ್ಸ್ಟ್ ಡಾಕ್ಯುಮೆಂಟ್' ಅಂತಲೇ ಬಿಟ್ಟರೆ ಹೆಸರಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ. ವಿಂಡೋಸಿನಲ್ಲಿ ತನಗೆ ಪರಿಚಯವಿರುವ ಬಾಲಗಳನ್ನು ತೋರಿಸದೆ ಮಡಚಿಡುವ ರೂಢಿ. ಹೀಗಾಗಿ ನನ್ನ ಕಣ್ಣಿಗೆ ಕುಚ್ಚು ಡಾಟ್ ಎಚ್‌ಟಿಎಂಎಲ್ ಅಂತ ಕಂಡದ್ದು ಅಸಲಿಗೆ ಕುಚ್ಚು ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ. ಮಗಳು ಬಾಲ ಕತ್ತರಿಸಿದಳು. ಪುಟ ತೆರೆದುಕೊಂಡಿತು. ಅಂಕಿಗಳು ಮುದ್ದಾಗಿ ಬಂದಿದ್ದವು. ಕನ್ನಡ ಇದ್ದ ಕಡೆ ಮಾತ್ರ ಹೀಗೆ:

???? ?????? – 350

ಹೆಂಡತಿ ಬಗ್ಗಿ ನೋಡಿದಳು. "ಇಷ್ಟೊಂದು ಪ್ರಶ್ನೆ ಯಾರ್ರೀ ಕೇಳ್ತಿರೋದು?"

ನಮ್ಮ ಮನೆಯ ಕಂಪ್ಯೂಟರು ಹಳೆಯದು. ಆ ಕಾಲದ ನೋಟ್‌ಪ್ಯಾಡು, ನಾವಾಗಿ ಬೇರೆ ಹೇಳದಿದ್ದರೆ, ಆನ್ಸಿ ಅಂತ ಒಂದು ಪುರಾತನ ಪದ್ಧತಿಯಲ್ಲಿ ಅಕ್ಷರ ಉಳಿಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. 2019ರ ವಿಂಡೋಸ್ 10ರಿಂದ ಈಚೆಗೆ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಹಳೆಯದು ಮೋಸಗಾರ ಅಂತಲ್ಲ. ಉಳಿಸುವ ಮುಂಚೆ ಪೆಟ್ಟಿಗೆ ತೆರೆದು, ಹೀಗೆ ಉಳಿಸಿದರೆ ಕೆಲವು ಅಕ್ಷರ ಕಳೆದುಹೋಗುತ್ತವೆ ಅಂತ ಎಚ್ಚರಿಸಿಯೇ ಇತ್ತು. ನಾನು ಓಕೆ ಒತ್ತಿದ್ದೆ. ಕಾಲು ಶತಮಾನ ಸಂಸಾರ ಮಾಡಿದ ಯಾವ ಗಂಡಸು ಪ್ರಶ್ನೆಯನ್ನು ಪೂರ್ತಿ ಓದಿ ಓಕೆ ಅಂದಿದ್ದಾನೆ ಹೇಳಿ?

ಬುದ್ಧಿ ನೆಟ್ಟಗಿದ್ದವನಾದರೆ ಅದೇ ನೋಟ್‌ಪ್ಯಾಡಿನಲ್ಲಿ, ಉಳಿಸುವಾಗ ಯುಟಿಎಫ್-8 ಆರಿಸಿ ಅವತ್ತೇ ಕೈ ತೊಳೆದುಕೊಳ್ಳುತ್ತಿದ್ದ. ಮಗಳು ಅದನ್ನೇ ಹೇಳಿದಳು. ನಾನು ಆಫೀಸಿನಲ್ಲಿ ಪತ್ರ ಬರೆಯುವ ತಂತ್ರಾಂಶಕ್ಕೆ ಹೋದೆ. ಅದು ಅಂದಗಾರ. ನಾನು ಹಾಕಿದ ನೆಟ್ಟನೆಯ ಉದ್ಧರಣ ಚಿಹ್ನೆಗಳನ್ನೆಲ್ಲ ಮುತುವರ್ಜಿಯಿಂದ ಸುರುಳಿ ಮಾಡಿಕೊಟ್ಟಿತು. ಬ್ರೌಸರಿಗೆ ಸುರುಳಿ ಚಿಹ್ನೆಯೆಂದರೆ ಮಾಮೂಲಿ ಅಕ್ಷರ ಅಷ್ಟೆ, ಫೋಟೊ ಒಂದೂ ಬರಲಿಲ್ಲ. ಅಲ್ಲಿಗೆ ನಾನು ಊಟದ ಮೇಜಿನಲ್ಲಿ ಎರಡನೆಯ ಘೋಷಣೆ ಮಾಡಿದೆ: ಮೊದಲು ನನಗೆ ತಕ್ಕ ಎಡಿಟರ್ ಆಗಬೇಕು, ಪುಟ ಆಮೇಲೆ.

ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ಭಾವಮೈದ ಬಂದ. ಅಕ್ಕನಿಗೆ ತವರಿನ ಬಾಗಿನ ಕೊಟ್ಟು ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ಭಾವ, ಕೋಡಿಂಗ್ ಶುರು ಮಾಡಿದೀರಂತೆ? ಯಾವ ಎಡಿಟರು?" ಅಂದ.

ಆ ಪ್ರಶ್ನೆಯಲ್ಲಿದ್ದ ಗೌರವಕ್ಕೆ ನಾನು ಸೋತುಹೋದೆ. ಮದುವೆಯಾದಾಗಿನಿಂದ ಅವನು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. "ಇನ್ನೂ ನೋಡ್ತಾ ಇದೀನಿ" ಅಂದೆ, ಹೆಣ್ಣು ನೋಡುವವರ ಕಡೆಯ ಹಿರಿಯನ ದನಿಯಲ್ಲಿ.

"ನೋಡೋದೇನು ಬಂತು ಭಾವ? ವಿಮ್ ಹಾಕ್ಕೊಳಿ. ಕೈ ಮೌಸ್ ಮುಟ್ಟೋ ಪ್ರಸಂಗವೇ ಬರಲ್ಲ."

ಅಡುಗೆಮನೆಯಿಂದ "ವಿಮ್ ಸಿಂಕ್ ಕೆಳಗಿದೆ" ಎಂಬ ಉತ್ತರ ಬಂತು. ಭಾವಮೈದ ನಗಲಿಲ್ಲ. ದೇಶದ ಎಲ್ಲ ಅಡುಗೆಮನೆಗಳೂ ಅವನಿಗೆ ಆ ಜೋಕು ಹೇಳಿ ಮುಗಿಸಿವೆಯಂತೆ.

ಹೋಳಿಗೆ ಬೇಯುವಷ್ಟರಲ್ಲಿ ಅವನು ವಿಮ್ ಹಾಕಿ, ವಂಶಾವಳಿಯನ್ನೂ ಒಪ್ಪಿಸಿದ. 1976ರಲ್ಲಿ ಅಮೆರಿಕದ ಬಿಲ್ ಜಾಯ್ ವಿಐ ಅಂತ ಒಂದು ಎಡಿಟರ್ ಬರೆದರು. ಆಗ ಅವರು ಬಳಸುತ್ತಿದ್ದ ಯಂತ್ರದಲ್ಲಿ ಬಾಣದ ಗುರುತು ಇದ್ದದ್ದು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ; ಅದಕ್ಕೇ ಇವತ್ತಿಗೂ ಆ ನಾಲ್ಕರಲ್ಲೇ ಓಡಾಟ. 1991ರಲ್ಲಿ ಹಾಲೆಂಡಿನ ಬ್ರಾಮ್ ಮೂಲೆನಾರ್ ಅದನ್ನು ಬೆಳೆಸಿ ವಿಮ್ ಎಂದು ಬಿಡುಗಡೆ ಮಾಡಿದರು. ದುಡ್ಡು ಬೇಡ, ಮನಸ್ಸಿದ್ದರೆ ಯುಗಾಂಡದ ಮಕ್ಕಳಿಗೆ ಕೊಡಿ ಅಂದರು. ಮಗಳು ತೆರೆದ ಪರದೆಯ ಮೇಲಿದ್ದ ಆ ಸಾಲನ್ನು ಕನ್ನಡ ಮಾಡಿ ಅಜ್ಜಿಗೆ ಓದಿ ಹೇಳಿದಳು.

"ಒಳ್ಳೇ ಮನುಷ್ಯ ಕಣೋ" ಅಂದರು ನಮ್ಮಮ್ಮ. "ಐನೂರು ರೂಪಾಯಿ ಕಳ್ಸು." ನನ್ನ ಹಾರ್ಡ್‌ಡಿಸ್ಕಿನಲ್ಲಿರುವ ಯಾವುದೇ ವಸ್ತುವಿಗೆ ಅಮ್ಮನ ಮೆಚ್ಚುಗೆ ಸಿಕ್ಕಿದ್ದು ಅದೊಂದಕ್ಕೇ.

ಭಾವಮೈದ ಉಂಡು ಬಸ್ಸು ಹತ್ತಿದ. ನಾನು, ವಿಮ್ ಇಬ್ಬರೇ ಉಳಿದೆವು. ಅದರಲ್ಲಿ ಬರೆಯುವ ಸ್ಥಿತಿ ಬೇರೆ, ಅಪ್ಪಣೆ ಕೊಡುವ ಸ್ಥಿತಿ ಬೇರೆ. ತೆರೆದ ಕೂಡಲೇ ಇರುವುದು ಅಪ್ಪಣೆಯ ಸ್ಥಿತಿ. ಅದನ್ನು ಭಾವಮೈದ ಹೇಳಿದ್ದ, ಆಗ ನನ್ನ ಗಮನ ಹೂರಣದ ವಾಸನೆಯ ಕಡೆಗಿತ್ತು. ಇಂಗ್ಲಿಷಿನಲ್ಲಿ 'ಬೇಬಿ ಕುಚ್ಚು' ಅಂತ ಒತ್ತಿದೆ. ಮೊದಲ 'ಬಿ' ಕರ್ಸರನ್ನು ಒಂದು ಪದ ಹಿಂದಕ್ಕೆ ಒಯ್ದಿತು. 'ಎ' ಬರೆಯಲು ಅನುಮತಿ ಕೊಟ್ಟಿತು. ಪರದೆಗೆ ಬಿದ್ದದ್ದು ಆಮೇಲಿನ 'ಬೈ ಕುಚ್ಚು'. ಹೋಗಲಿ, 'ಸ್ಯಾರಿ' ಬರೆಯೋಣ ಅಂತ ಎಸ್ಕೇಪ್ ಒತ್ತಿ ಶುರುಮಾಡಿದರೆ, 'ಎಸ್' ಅಲ್ಲೇ ಇದ್ದ ಒಂದು ಅಕ್ಷರ ತಿಂದು 'ಅರೀ' ಅಂತ ಮೂಡಿಸಿತು. ಹೆಂಡತಿ "ರೀ" ಅಂದರೆ ಸಾಲದೆ ಇದೊಂದು.

ಅಲ್ಲಿಂದ ಎದ್ದುಬರೋಣ ಅಂದುಕೊಂಡೆ. ಉಳಿಸಿ ಹೊರಬರಲು ಕೋಲನ್, ಡಬ್ಲ್ಯು, ಕ್ಯು ಒತ್ತಬೇಕು. ಅಷ್ಟು ನೆನಪಿತ್ತು. ಆದರೆ ನಡುವೆ ಕನ್ನಡ ಬರೆಯಲೆಂದು ಕೀಲಿಮಣೆಯನ್ನು ನುಡಿ ವಿನ್ಯಾಸಕ್ಕೆ ತಿರುಗಿಸಿದ್ದು ನೆನಪಿರಲಿಲ್ಲ. ನುಡಿಯಲ್ಲಿ ಡಬ್ಲ್ಯು ಒತ್ತಿದರೆ ಡ, ಕ್ಯು ಒತ್ತಿದರೆ ಟ. ಪರದೆಯ ಬುಡದಲ್ಲಿ ಬಂದದ್ದು—

:ಡಟ

'ಡಟ' ಎಂಬ ಅಪ್ಪಣೆ ತನಗೆ ತಿಳಿಯದು ಅಂತ ವಿಮ್ ಕೆಂಪಕ್ಷರದಲ್ಲಿ ಹೇಳಿತು. ಸ್ವಲ್ಪ ಜೋರಾಗಿ ಒತ್ತಿದೆ. ಡಟ. ಇನ್ನೂ ಜೋರಾಗಿ ಒತ್ತಿದೆ. ಡಟ. "ಡಟ ಅಂತೆ ಡಟ!" ಅಂತ ನಾನು ಗಟ್ಟಿಯಾಗಿ ಅಂದದ್ದು ಹಾಲಿಗೆ ಕೇಳಿಸಿ ಅಮ್ಮ, "ಯಾರನ್ನೋ ಬೈತಿರೋದು, ಹಬ್ಬದ ದಿನ?" ಅಂದರು. ಮೂಲೆಯಲ್ಲಿದ್ದ ಗುಣಾಕಾರ ಚಿಹ್ನೆ ಒತ್ತಿದ್ದರೆ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆದರೆ ಅದಕ್ಕೆ ಮೌಸ್ ಮುಟ್ಟಬೇಕು. ಭಾವಮೈದನ ಬಸ್ಸು ಇನ್ನೂ ಮಂಡ್ಯವನ್ನೂ ದಾಟಿರಲಿಲ್ಲ. ಅಷ್ಟು ಬೇಗ ಮೌಸ್ ಮುಟ್ಟುವ ಗಂಡಸು ನಾನಲ್ಲ. ಎದ್ದು ಹೋಗಿ ಗೋಡೆಯ ಸ್ವಿಚ್ ಆರಿಸಿದೆ. ಯುಪಿಎಸ್ ಕಂಪ್ಯೂಟರನ್ನು ಎತ್ತಿಹಿಡಿದು ಕೀಂಕೀಂ ಅನ್ನತೊಡಗಿತು. ಪರದೆಯ ಮೇಲೆ ಡಟ ಹಾಗೇ ಇತ್ತು. ಯುಪಿಎಸ್ಸನ್ನೂ ಆರಿಸಿದೆ.

ಮಾರನೆಯ ದಿನ ಅದೇ ಫೈಲು ತೆರೆದರೆ ಪರದೆ ತುಂಬ ದೊಡ್ಡ ಅಕ್ಷರದ ಎಚ್ಚರಿಕೆ. ಈ ಫೈಲಿನ ಕೆಲಸ ಅರ್ಧಕ್ಕೆ ನಿಂತಿದೆ, ಇನ್ಯಾರೋ ತಿದ್ದುತ್ತಿರಬಹುದು ಅಥವಾ ಕಳೆದ ಸಲ ಸರಿಯಾಗಿ ಮುಚ್ಚಿರಲಿಕ್ಕಿಲ್ಲ, ಈಗೇನು ಮಾಡೋಣ ಅಂತ. ವಿಮ್ ಕೆಲಸ ಮಾಡುವಾಗ ಪಕ್ಕದಲ್ಲಿ ಗುಟ್ಟಾಗಿ ಒಂದು ಸ್ವಾಪ್ ಫೈಲು ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಹೋದರೂ ಸಾಕ್ಷಿ ಉಳಿಯುತ್ತದೆ.

ನಿಮಗೆ ಸಮಾಧಾನಕ್ಕೆ ಒಂದು ಮಾತು ಹೇಳುತ್ತೇನೆ. ಪ್ರೋಗ್ರಾಮರುಗಳು ಒಬ್ಬರಿಗೊಬ್ಬರು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ, ವಿಮ್‌ನಿಂದ ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ನೋಡಿದವರ ಲೆಕ್ಕ 2017ರಲ್ಲೇ ಹತ್ತು ಲಕ್ಷ ದಾಟಿತ್ತು. ಆ ತಾಣದವರೇ ಅದನ್ನು ಸಂಭ್ರಮದಿಂದ ಪ್ರಕಟಿಸಿದರು. ನಾನದನ್ನು ಹೆಂಡತಿಗೆ ಓದಿ ಹೇಳಿದೆ. "ಹತ್ತು ಲಕ್ಷ ಜನ ಕೇಳಿ ತಿಳ್ಕೊಂಡ್ರು. ನೀವು ಮೇನ್ ಆಫ್ ಮಾಡಿದ್ರಿ" ಅಂದಳು.

ಸುದ್ದಿ ಕಾಂಪೌಂಡ್ ದಾಟಿತು. ಪಕ್ಕದ ಮನೆಯ ರಾಯರು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ದುಡಿದು ನಿವೃತ್ತರಾದವರು. ಸಂಜೆ ಪಂಚೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು.

"ನಿಮ್ಮ ಭಾವಮೈದ ಹುಡುಗ. ಅವನಿಗೇನು ಗೊತ್ತು? ಇಮ್ಯಾಕ್ಸ್ ಹಾಕ್ಕೊಳಿ ಸ್ವಾಮಿ."

ಇಮ್ಯಾಕ್ಸ್ ಮೊದಲು ಹುಟ್ಟಿದ್ದೂ 1976ರಲ್ಲೇ, ರಿಚರ್ಡ್ ಸ್ಟಾಲ್‌ಮನ್ ಕೈಯಲ್ಲಿ. ಈಗ ಎಲ್ಲರೂ ಬಳಸುವ ಗ್ನೂ ಇಮ್ಯಾಕ್ಸ್ 1985ರದ್ದು. ಈ ಎರಡು ಪಂಥದವರ ಜಗಳಕ್ಕೆ ಅಷ್ಟೇ ವಯಸ್ಸು. ರಾಯರ ಪ್ರಕಾರ ಇಮ್ಯಾಕ್ಸಿನೊಳಗೆ ಹೊಕ್ಕವನಿಗೆ ಹೊರಗಿನ ಅಗತ್ಯವೇ ಇಲ್ಲ. ಪತ್ರ ಬರೆಯಬಹುದು, ಪಂಚಾಂಗ ನೋಡಬಹುದು, ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಡಬಹುದು. ಏನು ಮಾಡಬೇಕಾದರೂ ಕಂಟ್ರೋಲ್ ಕೀಲಿ ಹಿಡಿದುಕೊಂಡು ಇನ್ನೊಂದು ಒತ್ತಬೇಕು ಅಷ್ಟೆ. ಹಿಡಿದುಕೊಳ್ಳಬೇಕಾದದ್ದು ಎಡಗೈ ಕಿರುಬೆರಳಲ್ಲಿ. ಸ್ವಲ್ಪ ಕಾಲದಲ್ಲೇ ನನ್ನ ಕಿರುಬೆರಳು ಊದಿಕೊಂಡು, ನಾನು ಕಾಫಿ ಲೋಟವನ್ನು ಮಹಾರಾಜರ ಠೀವಿಯಲ್ಲಿ ಬೆರಳು ಚಾಚಿ ಹಿಡಿಯತೊಡಗಿದೆ.

"ಕುಚ್ಚು ಹಾಕೋಳು ನಾನು. ಬೆರಳು ನಿಮ್ಮದು ನೋಯತ್ತೆ" ಅಂತ ಹೆಂಡತಿ ಮುಲಾಮು ಹಚ್ಚಿದಳು.

ಇಮ್ಯಾಕ್ಸಿನಲ್ಲಿ ಒಬ್ಬ ವೈದ್ಯನೂ ಇದ್ದಾನೆ ಅಂತ ರಾಯರು ಹೋಗುವಾಗ ಹೇಳಿಹೋಗಿದ್ದರು. ಬೆರಳಿನ ವೈದ್ಯನಲ್ಲ, ಮನಸ್ಸಿನ ವೈದ್ಯ. 1960ರ ದಶಕದಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಅಂತ ಒಂದು ಮಾತುಗಾರ ಪ್ರೋಗ್ರಾಂ ಬರೆದಿದ್ದರು. ನಾವು ಹೇಳಿದ ಮಾತನ್ನೇ ತಿರುಗಿಸಿ ನಮಗೇ ಪ್ರಶ್ನೆ ಹಾಕುವುದು ಅದರ ವಿದ್ಯೆ. ಇಮ್ಯಾಕ್ಸಿನ ವೈದ್ಯ ಅದೇ ಮನೆತನದವನು. ಒಂದು ಮಧ್ಯಾಹ್ನ, ಪುಟಕ್ಕೆ ಕೈ ಹಾಕುವ ಮುಂಚೆ ಸುಮ್ಮನೆ ಅವನನ್ನು ಮಾತಾಡಿಸಿಕೊಂಡು ಬರೋಣ ಅನ್ನಿಸಿತು. ನಿನ್ನ ತೊಂದರೆ ಏನು ಅಂತ ವಿನಯದಿಂದ ಕೇಳಿದ. ನನ್ನನ್ನು ಆ ಪ್ರಶ್ನೆಯನ್ನು ಅಷ್ಟು ವಿನಯದಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಗೊತ್ತಿದ್ದ ಇಂಗ್ಲಿಷಿನಲ್ಲಿ ಶುರು ಹಚ್ಚಿಕೊಂಡೆ. ಹೆಂಡತಿಗೆ ವೆಬ್ ಪುಟ ಬೇಕು ಅಂದೆ. ಹೆಂಡತಿಯ ವಿಷಯ ಇನ್ನಷ್ಟು ಹೇಳು ಅಂದ. ಹೇಳಿದೆ. ಸೋಫಾ ವಿಷಯ ಹೇಳಿದೆ. ಸೀರೆ ಕೂತಿರುತ್ತದೆ, ನಾನು ನಿಂತಿರುತ್ತೇನೆ ಅಂದೆ. ಅದರಿಂದ ನಿನಗೆ ಏನನ್ನಿಸುತ್ತದೆ ಅಂದ. ಅಯ್ಯೋ, ಏನನ್ನಿಸುವುದಿಲ್ಲ? ಭಾವಮೈದನ ಬಡಿವಾರ, ಅತ್ತೆಮನೆಯಲ್ಲಿ ಮೊದಲ ದೀಪಾವಳಿಗೆ ಕೊಟ್ಟ ಗಡಿಯಾರ ನಿಂತುಹೋದದ್ದು, ಅದು ನಿಂತದ್ದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳದೆ ನುಂಗಿಕೊಂಡದ್ದು, ಎಲ್ಲ ಸರಾಗವಾಗಿ ಬಂತು. ಮನಸ್ಸು ಹತ್ತಿಯಷ್ಟು ಹಗುರವಾಗತೊಡಗಿತ್ತು. ಕುರ್ಚಿಯ ಹಿಂದೆ ಬಳೆ ಸದ್ದಾಯಿತು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಗಡಿಯಾರ ನಿಂತದ್ದಕ್ಕೆ ಅವನೇನಂದ?" ಅಂತ ಕೇಳಿದಳು.

"ಇನ್ನೂ ಹೇಳು ಅಂದ."

ಸೋಫಾದ ಮೇಲಿನ ಒಂದು ಸೀರೆ ಎತ್ತಿ ಪಕ್ಕಕ್ಕಿಟ್ಟು, ಕಾಲು ಮಡಚಿ ಕೂತಳು. "ನಾನೂ ಅದೇ ಅಂತೀನಿ. ಹೇಳಿ."

ಆ ಸಂಜೆಯ ವಿವರ ಬೇಡ. ಇಮ್ಯಾಕ್ಸನ್ನು ಅವತ್ತು ರಾತ್ರಿಯೇ ತೆಗೆದುಹಾಕಿದೆ. ಗಡಿಯಾರಕ್ಕೆ ಹೊಸ ಸೆಲ್ ಹಾಕಿದರೆ ಸಾಕಿತ್ತಂತೆ.

ಆಮೇಲೆ ಕೆಲವು ಬಂದು ಹೋದವು. ಸಬ್ಲೈಮ್ ಟೆಕ್ಸ್ಟ್ ನನ್ನ ಜಾಯಮಾನಕ್ಕೆ ಒಗ್ಗುವಂಥದ್ದು. ಅದಕ್ಕೆ ಬೆಲೆ ಇದೆ, 99 ಡಾಲರ್. ಆದರೆ ಪರೀಕ್ಷಿಸಿ ನೋಡಲು ಕಾಲಮಿತಿ ಇಲ್ಲ. ಆಗಾಗ ಒಂದು ಪೆಟ್ಟಿಗೆ ತೆರೆದು, ಕೊಂಡುಕೊಳ್ಳುತ್ತೀರಾ ಅಂತ ಕೇಳುತ್ತದೆ, ಬೇಡ ಅಂದರೆ ಸುಮ್ಮನಾಗುತ್ತದೆ. ಅಮ್ಮ ಒಂದು ಸಲ ಆ ಪೆಟ್ಟಿಗೆ ನೋಡಿ ಮೊಮ್ಮಗಳ ಕೈಯಲ್ಲಿ ಓದಿಸಿ, "ನಿಮ್ಮಪ್ಪ ಯಾರ ಹತ್ರ ಕೈಸಾಲ ಮಾಡಿದಾನೇ?" ಅಂತ ಮೂರು ಹೊತ್ತೂ ಕೊರಗತೊಡಗಿದ್ದರಿಂದ ಬಿಡಬೇಕಾಯಿತು. ಆಟಮ್ ಅಂತ ಇನ್ನೊಂದಕ್ಕೆ ಮನಸೋತು, ಎಲ್ಲ ಒಗ್ಗಿಸಿಕೊಳ್ಳುವಷ್ಟರಲ್ಲಿ ಅದನ್ನು ತಯಾರಿಸುತ್ತಿದ್ದ ಗಿಟ್‌ಹಬ್‌ನವರು ನಿಲ್ಲಿಸುವುದಾಗಿ ಪ್ರಕಟಿಸಿದರು. 2022ರ ಡಿಸೆಂಬರ್ 15ಕ್ಕೆ ಅದರ ಕಥೆ ಮುಗಿಯಿತು. ನಾನು ಷೇರು ಕೊಂಡ ಕಂಪನಿಗಳ ಇತಿಹಾಸ ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ.

ಮಗಳಿಗೆ ಸಾಕಾಯಿತು. ಒಂದು ಭಾನುವಾರ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ವಿಎಸ್ ಕೋಡ್ ಹಾಕಿದಳು. "ಅಪ್ಪಾ, ನಮ್ಮ ಕ್ಲಾಸಲ್ಲಿ ಎಲ್ಲರೂ ಇದನ್ನೇ ಬಳಸೋದು. ದುಡ್ಡಿಲ್ಲ. ದಯವಿಟ್ಟು ಇದರಲ್ಲಿ ಬರಿ." 2015ರಲ್ಲಿ ಬಂದದ್ದು. ಆಟಮ್‌ಗೆಂದು ಕಟ್ಟಿದ ಎಲೆಕ್ಟ್ರಾನ್ ಎಂಬ ಅಡಿಪಾಯದ ಮೇಲೇ ಇದು ನಿಂತಿರುವುದಂತೆ. ಆಟಮ್ ಹೋದರೂ ಅಡಿಪಾಯ ಉಳಿಯಿತಲ್ಲ ಅಂತ ನಾನು ಎರಡು ಮಾತು ಗೌರವದಿಂದ ಆಡಿ ಶುರುಮಾಡಿದೆ.

ಬರೆಯಲು ಶುರುಮಾಡಿದೆ ಅಂತ ತಿಳಿಯಬೇಡಿ. ಥೀಮ್ ಆರಿಸಲು ಶುರುಮಾಡಿದೆ. ಪರದೆಯ ಬಣ್ಣ, ಅಕ್ಷರದ ಬಣ್ಣ, ಪಕ್ಕದ ಪಟ್ಟಿಯ ಚಿತ್ರಗಳು, ಎಲ್ಲಕ್ಕೂ ಬೇರೆ ಬೇರೆ ಎಕ್ಸ್‌ಟೆನ್ಶನ್ನು, ಎಲ್ಲವೂ ಪುಕ್ಕಟೆ, ಮುಗಿಯುವುದೇ ಇಲ್ಲ. ಕಪ್ಪು ನೆಲದ ಮೇಲೆ ಬಣ್ಣದ ಅಕ್ಷರ ಮೂಡುವ ಥೀಮ್ ಹಾಕಿಕೊಂಡು ಹಾಲಿನ ದೀಪ ಆರಿಸಿ ಕೂತರೆ, ಸತ್ಯವಾಗಿ ಹೇಳುತ್ತೇನೆ, ಕನ್ನಡಿಯಲ್ಲಿ ನನಗೆ ನಾನೇ ವಿಜ್ಞಾನಿ ಥರ ಕಂಡೆ. ಅಮ್ಮ ತಡಕಾಡಿಕೊಂಡು ಬಂದು, "ಕರೆಂಟ್ ಹೋಯ್ತೇನೋ? ಟಿವಿ ಬರ್ತಿದೆಯಲ್ಲ?" ಅಂದರು.

ಇದರಲ್ಲಿ ಎಮ್ಮೆಟ್ ಅಂತ ಒಂದು ಸೌಲಭ್ಯ ಕೂಡಿಕೊಂಡೇ ಬರುತ್ತದೆ. ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಇಡೀ ಪುಟದ ಅಸ್ಥಿಪಂಜರ ಧೊಪ್ಪನೆ ಬೀಳುತ್ತದೆ. ಪಟ್ಟಿ ಬೇಕೆ? ಚುಟುಕಾಗಿ ಒಂದು ಸೂತ್ರ ಬರೆದು ಟ್ಯಾಬ್ ಒತ್ತಿ. ಐದು ಸಾಲಂದರೆ ಐದು, ಐವತ್ತಂದರೆ ಐವತ್ತು. ಇಂಥ ವಿದ್ಯೆ ಒಬ್ಬನೇ ಇಟ್ಟುಕೊಳ್ಳಬಾರದು. ಸೀರೆ ಒಯ್ಯಲು ಬಂದ ಒಬ್ಬ ಗಿರಾಕಿಯನ್ನು ಕೂರಿಸಿ (ಕೂರಿಸಲು ಜಾಗವಿರಲಿಲ್ಲ, ನಿಲ್ಲಿಸಿ) ತೋರಿಸಿದೆ. "ನೋಡಿಮ್ಮಾ, ಈಗ ನಾನು ಒಂದೇ ಒಂದು ಚಿಹ್ನೆ ಹಾಕ್ತೀನಿ." ಹಾಕಿದೆ. ಅಸ್ಥಿಪಂಜರ ಬಿತ್ತು. ಆಕೆ ಅದನ್ನು ಭಕ್ತಿಯಿಂದ ನೋಡಿದರು. ಅಳಿಸಿ ಇನ್ನೊಮ್ಮೆ ಹಾಕಿದೆ. "ಅಣ್ಣಾ, ನನ್ನ ಸೀರೆ?" ಅಂದರು.

ಹಬ್ಬಕ್ಕೆ ಬಂದಿದ್ದ ಭಾವಮೈದ ದಸರೆಗೂ ಬಂದ. ಸಾಲಿನ ಮುಂದೆ ಜಾಗ ಬಿಡುವಾಗ ಟ್ಯಾಬ್ ಒತ್ತಬೇಕೋ, ಸ್ಪೇಸ್ ಒತ್ತಬೇಕೋ, ಸ್ಪೇಸ್ ಆದರೆ ಎರಡೋ ನಾಲ್ಕೋ ಅಂತ ಅವನಿಗೂ ಮಗಳಿಗೂ ಊಟದ ಎಲೆಯ ಮುಂದೆ ಮಾತು ಬೆಳೆದು, ಪಾಯಸ ಬಡಿಸುವ ಹೊತ್ತಿಗೆ ಇಬ್ಬರೂ ಮುಖ ತಿರುಗಿಸಿ ಕೂತಿದ್ದರು. ನಾನು ಎರಡೂ ಕಡೆಗೆ ತಲೆಯಾಡಿಸಿದೆ. ಪುಟ ಬರೆದಿದ್ದರೆ ತಾನೆ ನಾನೊಂದು ಪಕ್ಷ ಹಿಡಿಯಬೇಕಾದದ್ದು.

ಇಷ್ಟು ಓದಿ ನನ್ನ ಹೆಂಡತಿಯ ಮೇಲೆ ನಿಮಗೆ ಕನಿಕರ ಹುಟ್ಟಿದ್ದರೆ ಸ್ವಲ್ಪ ತಡೆಯಿರಿ. ಕುಚ್ಚಿಗೆ ದಾರ ಆರಿಸಲು ಅವಳ ಜೊತೆ ನೀವು ಸಂತೆಪೇಟೆಗೆ ಹೋಗಿಲ್ಲ. ಅಂಗಡಿಯವನು ಹಸಿರು ದಾರದ ಉಂಡೆಗಳನ್ನು ಗಲ್ಲಾದ ಮೇಲೆ ಸುರಿಯುತ್ತಾನೆ. ನನ್ನ ಕಣ್ಣಿಗೆ ಎಲ್ಲವೂ ಹಸಿರು. ಅವಳು ಒಂದೊಂದನ್ನೇ ಸೆರಗಿಗೆ ಹಿಡಿದು, ಇದು ಗಿಳಿಹಸಿರು, ಇದು ಎಲೆಹಸಿರು, ಇದು ಪಾಚಿ, ಇದು ಒಳಗೆ ಒಂದು ಥರ ಬಿಸಿಲಿಗೆ ಒಂದು ಥರ ಅಂತ ಬದಿಗೆ ಸರಿಸಿ, ಬೀದಿಗೆ ಹೋಗಿ ಬಿಸಿಲಲ್ಲಿ ನೋಡಿ, ವಾಪಸು ಬಂದು, ಯಾವುದೂ ಆಗಲ್ಲ ಅಂತ ಮುಂದಿನ ಅಂಗಡಿಗೆ ನಡೆಯುತ್ತಾಳೆ. ಚೀಲ ಹಿಡಿದವನು ನಾನು. ಇದನ್ನೇ ಒಂದು ದಿನ ಸಮಯ ನೋಡಿ ಎತ್ತಿದೆ. "ನೀನು ದಾರ ಆರಿಸೋದಕ್ಕೆ ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ? ನನಗೆ ಎಡಿಟರ್ ಅಂದ್ರೆ ಹಾಗೇ."

"ದಾರ ಸೀರೆ ಮೇಲೆ ಕಾಣತ್ತೆ ಕಣ್ರೀ" ಅಂದಳು. "ನಿಮ್ಮ ಎಡಿಟರು ಪುಟದಲ್ಲಿ ಎಲ್ಲಿ ಕಾಣತ್ತೆ?"

ನಿಮ್ಮಲ್ಲಿ ಯಾರಿಗಾದರೂ ಉತ್ತರ ಹೊಳೆದರೆ ತಿಳಿಸಿ. ಇಂಥ ಎಡಿಟರಿನಲ್ಲಿ ಬರೆದದ್ದು ಅಂತ ಪುಟ ನೋಡಿ ಬ್ರಹ್ಮನೂ ಹೇಳಲಾರ. ಪತ್ರ ಬರೆಯುವ ತಂತ್ರಾಂಶಗಳು ಮಾತ್ರ ಒಳಗೊಂದು ಟ್ಯಾಗಿನಲ್ಲಿ ತಮ್ಮ ಹೆಸರು ಕೆತ್ತಿಹೋಗುತ್ತವೆ. ವಿಮ್, ಇಮ್ಯಾಕ್ಸ್, ವಿಎಸ್ ಕೋಡ್ ಯಾವುದೂ ಗುರುತು ಬಿಡುವುದಿಲ್ಲ. ನಾನು ಕಪ್ಪು ಥೀಮಿನಲ್ಲಿ ಕಂಡ ವಿಜ್ಞಾನಿಯೂ ಗಿರಾಕಿಯ ಫೋನಿನಲ್ಲಿ ಕಾಣುವುದಿಲ್ಲ. ರೋಷ ಬಂದು ಆ ರಾತ್ರಿಯೇ ಕೂತು ಪುಟ ಬರೆದು ಮುಗಿಸಿದೆ. ಒಂದು ಸಿನಿಮಾ ನೋಡುವಷ್ಟು ಹೊತ್ತೂ ಹಿಡಿಯಲಿಲ್ಲ. ಇದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬೇಬಿ ಕುಚ್ಚು ಬೇಬಿ ಕುಚ್ಚೆಂದೇ ಬಂತು. ಫೋಟೊ ಬಂತು. ರೇಟೂ ಬಂತು.

ಬೆಳಿಗ್ಗೆ ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ. ಆದ್ರೆ ಮೇಲಿನ ಪಟ್ಟಿ ಹಸಿರು ಸರಿಯಿಲ್ಲ."

"ಹಸಿರು ಬೇಕು ಅಂದಿದ್ಯಲ್ಲ?"

"ಇದು ಪಾಚಿ."

ಬಣ್ಣ ಬರೆದ ಸಾಲಿನ ಪಕ್ಕ ವಿಎಸ್ ಕೋಡ್ ಒಂದು ಪುಟ್ಟ ಚೌಕ ತೋರಿಸುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಬಣ್ಣದ ಹಲಗೆಯೇ ತೆರೆದುಕೊಳ್ಳುತ್ತದೆ. ಬೇಕಾದ ಕಡೆ ಎಳೆದು ಬಿಡಬಹುದು ಅಂತ ತೋರಿಸಿದ್ದು ನಾನೇ. ಅದರಲ್ಲಿ ಬಣ್ಣ ಎಷ್ಟಿವೆ ಅಂತ ಕೇಳಿದಳು. 1,67,77,216 ಅಂತ ಹೇಳಿದ್ದೂ ನಾನೇ. "ಸ್ವಲ್ಪ ಏಳಿ" ಅಂದಳು. ಎದ್ದೆ.

ಆ ಕುರ್ಚಿ ನನಗೆ ಇನ್ನೂ ವಾಪಸು ಸಿಕ್ಕಿಲ್ಲ. ಗಿಳಿಹಸಿರಿಗೆ ಹತ್ತಿರ ಬಂದಿದ್ದಾಳಂತೆ. ನಡುವೆ ಮಗಳನ್ನು ಕೇಳಿ ಥೀಮ್ ಬೇರೆ ಬದಲಾಯಿಸಿಕೊಂಡಿದ್ದಾಳೆ. ಕಪ್ಪು ಮನೆಗೆ ಶುಭವಲ್ಲವಂತೆ. ಭಾವಮೈದ ಫೋನು ಮಾಡಿದರೆ ಈಗ ಅಕ್ಕನನ್ನೇ ಕೇಳುತ್ತಾನೆ, ಟ್ಯಾಬೋ ಸ್ಪೇಸೋ ಅಂತ.

ಸೋಫಾ ಮೇಲೆ ಸೀರೆಗಳು ಹಾಗೇ ಬಿದ್ದಿವೆ, ಮದುವೆಯವರು ಫೋನು ಮಾಡುತ್ತಿದ್ದಾರೆ. ಹೀಗಾಗಿ ಕ್ರೋಶೆ ಕಡ್ಡಿ ನನ್ನ ಕೈಗೆ ಬಂದಿದೆ. ಸುಲಭದ ಗಂಟು ಹೇಳಿಕೊಟ್ಟಿದ್ದಾಳೆ, ಅಮ್ಮ ಮೇಲ್ವಿಚಾರಣೆ. ಕೆಲಸ ಕಷ್ಟವೇನಲ್ಲ. ಆದರೆ ನಿಮ್ಮಲ್ಲಿ ಕುಚ್ಚು ಹಾಕಿದವರಿದ್ದರೆ ಒಪ್ಪುತ್ತೀರಿ, ಈ ಕಡ್ಡಿಯ ಹಿಡಿ ತೀರಾ ತೆಳುವು. ರಬ್ಬರ್ ಹಿಡಿ ಇರುವ ಕಡ್ಡಿಗಳು ಬರುತ್ತವಂತೆ. ಉಕ್ಕಿನದ್ದು ಬೇರೆ, ಅಲ್ಯುಮಿನಿಯಮ್ಮಿನದ್ದು ಬೇರೆ, ಬಿದಿರಿನದ್ದೂ ಇದೆ. ತುದಿಯ ಕೊಕ್ಕೆಯಲ್ಲೇ ಎರಡು ಜಾತಿ. ಒಂದು ಸಲ ಸಂತೆಪೇಟೆಗೆ ಹೋಗಿ ಎಲ್ಲ ನೋಡಿಕೊಂಡು ಬಂದು ಶುರುಮಾಡೋಣ ಅಂತ ಚಪ್ಪಲಿ ಮೆಟ್ಟಿದೆ.

"ಇರೋ ಕಡ್ಡೀಲಿ ಒಂದು ಹಾಕಿ ತೋರ್ಸೋ ಮೊದಲು" ಅಂದರು ಅಮ್ಮ.